ಕುಸ್ವಾರ್ ತಟ್ಟೆಯ ಲೆಕ್ಕ: 25 ಮನೆ, 10 ಕೆ.ಜಿ., 18 ಗಂಟೆ

ಒಂದು ತಟ್ಟೆಗೆ 400 ಗ್ರಾಂ. ಹಂಚಬೇಕಾದ ಮನೆಗಳು 25. ಹಾಗಾದರೆ ಡಿಸೆಂಬರ್ 24ರ ಸಂಜೆಯೊಳಗೆ 10 ಕೆ.ಜಿ. ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿ, ಡಬ್ಬಿ ಸೇರಿರಬೇಕು. ಬಂಟ್ವಾಳದ ಮೊಡಂಕಾಪು, ಅಗ್ರಾರ್, ಬೆಳ್ತಂಗಡಿಯ ಮಡಂತ್ಯಾರು, ಉಜಿರೆ, ಮೂಡುಬಿದಿರೆಯ ಅಲಂಗಾರು, ಶಿರ್ತಾಡಿ ಕಡೆಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್ ಉಡುಗೊರೆ ಎಂದರೆ ಮೊದಲಿಗೆ ಈ ತಟ್ಟೆಯೇ. ಕಿಡಿಯೊ, ನೆವ್ರಿ, ಕೊಕ್ಕಿಸಾಂ, ತುಕ್ಡಿ, ಚಕ್ಲಿ, ಎಳ್ಳಿನ ಲಾಡು ಸೇರಿಸಿ, ಮೇಲೊಂದು ಬಟ್ಟೆ ಮುಚ್ಚಿ, ಮಕ್ಕಳ ಕೈಯಲ್ಲಿ ನೆರೆಮನೆಗೆ ಕಳಿಸುವ ತಟ್ಟೆ. ಇದಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಸಿಗುವುದು ಅಂಗಡಿ ಚೀಟಿಯ ಲೆಕ್ಕ. ಆ ಚೀಟಿಯಲ್ಲಿ ಬರೆಯದೆ ಉಳಿಯುವ ಬಾಬತ್ತು ಒಂದಿದೆ. ಅದನ್ನೂ ಸೇರಿಸಿ ಕೂಡಿಸಿದಾಗ ಏನಾಗುತ್ತದೆ ಎಂದು ನೋಡುವುದೇ ಈ ಬರಹದ ಉದ್ದೇಶ.

ಮೊದಲು ದರ. ಅಂಗಡಿಯಿಂದ ಅಂಗಡಿಗೆ, ವಾರದಿಂದ ವಾರಕ್ಕೆ ಇದು ಬದಲಾಗುತ್ತದೆ. ಹಾಗಾಗಿ ಲೆಕ್ಕಕ್ಕೆಂದು ಹಿಡಿದ ದರಗಳನ್ನು ಇಲ್ಲೇ ಹೇಳಿಬಿಡುತ್ತೇನೆ, ನಿಮ್ಮೂರಿನ ದರ ಹಾಕಿ ತಿದ್ದಿಕೊಳ್ಳಬಹುದು. ಕೆ.ಜಿ.ಗೆ ಮೈದಾ 45 ರೂ., ಸಕ್ಕರೆ 46, ಬೆಳ್ತಿಗೆ ಅಕ್ಕಿ 50, ಬೆಲ್ಲ 60, ಉದ್ದಿನಬೇಳೆ 140, ಎಳ್ಳು 200, ಒಣದ್ರಾಕ್ಷಿ 400, ಬೆಣ್ಣೆ 600, ತುಪ್ಪ 650, ಗೇರುಬೀಜ 900. ಮೊಟ್ಟೆ ಒಂದಕ್ಕೆ 7, ಸುಲಿದ ತೆಂಗಿನಕಾಯಿ ಒಂದಕ್ಕೆ 40. ಕಾಯಿ ನಮ್ಮ ತೋಟದ್ದೇ, ಅದಕ್ಕೆಂಥ ದುಡ್ಡು ಎನ್ನುವವರಿದ್ದಾರೆ. ಆ ಕಾಯಿಯನ್ನು ಮಾರಿದರೆ ದುಡ್ಡು ಬರುತ್ತಿತ್ತಲ್ಲ, ಆದ್ದರಿಂದ ಲೆಕ್ಕಕ್ಕೆ ಬರಲೇಬೇಕು.

ಕಿಡಿಯೊ ಎಲ್ಲರಿಗೂ ಬೇಕು, ಅದರ ಪಾಲೂ ದೊಡ್ಡದು. ಒಂದೂವರೆ ಕೆ.ಜಿ. ಮೈದಾಕ್ಕೆ ಎರಡು ಕಾಯಿಯ ದಪ್ಪ ಹಾಲು, 3 ಮೊಟ್ಟೆ, 75 ಗ್ರಾಂ ತುಪ್ಪ, ಮೇಲೆ ಪಾಕಕ್ಕೆ 600 ಗ್ರಾಂ ಸಕ್ಕರೆ: ಒಟ್ಟು 245 ರೂ. ಕರಿದು ಪಾಕ ಹಿಡಿಸಿದ ಮೇಲೆ ಎರಡೂವರೆ ಕೆ.ಜಿ. ಬರುತ್ತದೆ. ಒಂದು ಕಿಡಿ 4 ಗ್ರಾಂ ತೂಗಿದರೆ ಇದು 625 ಕಿಡಿ. ಕೊಕ್ಕಿಸಾಂ, ಅಂದರೆ ಅಚ್ಚು ಅದ್ದಿ ಕರಿಯುವ ರೋಸ್ ಕುಕೀಸ್, 1 ಕೆ.ಜಿ. ಮೈದಾ, 300 ಗ್ರಾಂ ಸಕ್ಕರೆ, 4 ಮೊಟ್ಟೆ, 2 ಕಾಯಿ ಹಿಡಿದು 167 ರೂ. ಆಗುತ್ತದೆ. ಸಿಗುವುದು 1.7 ಕೆ.ಜಿ., ಎಣಿಸಿದರೆ 120ರ ಆಸುಪಾಸು.

ದುಬಾರಿ ಎಂದರೆ ನೆವ್ರಿ. ಹೊರಗಿನ ಕಣಕಕ್ಕೆ 750 ಗ್ರಾಂ ಮೈದಾ, 50 ಗ್ರಾಂ ತುಪ್ಪ. ಒಳಗಿನ ಹೂರಣಕ್ಕೆ 300 ಗ್ರಾಂ ಎಳ್ಳು, ತುರಿದು ಹುರಿದ ಎರಡು ಕಾಯಿ, 400 ಗ್ರಾಂ ಸಕ್ಕರೆ, 100 ಗ್ರಾಂ ಗೇರುಬೀಜ, 50 ಗ್ರಾಂ ದ್ರಾಕ್ಷಿ. ಒಟ್ಟು 335 ರೂ., ತೂಕ 2 ಕೆ.ಜಿ., ತಲಾ 30 ಗ್ರಾಂನ 65 ನೆವ್ರಿ. ಗೇರುಬೀಜ ಒಂದಕ್ಕೇ 90 ರೂ. ಹೋಯಿತು, ಆದರೆ ಅದನ್ನು ಉಳಿಸಲು ಹೋಗಬೇಡಿ ಎಂದೇ ನಾನು ಹೇಳುವುದು. ಹೂರಣದಲ್ಲಿ ಗೇರುಬೀಜ ಕಚ್ಚಲು ಸಿಗದಿದ್ದರೆ ಅದು ನೆವ್ರಿಯೇ ಅಲ್ಲ. ಉಳಿದವು ಸರಳ. ತುಕ್ಡಿಗೆ 1 ಕೆ.ಜಿ. ಮೈದಾ, 200 ಗ್ರಾಂ ಸಕ್ಕರೆ, 50 ಗ್ರಾಂ ತುಪ್ಪ, 2 ಮೊಟ್ಟೆ, 101 ರೂ., ಬರುವುದು ಒಂದೂವರೆ ಕೆ.ಜಿ. ಚಕ್ಲಿಗೆ 1 ಕೆ.ಜಿ. ಅಕ್ಕಿ, ಕಾಲು ಕೆ.ಜಿ. ಉದ್ದು, ಸ್ವಲ್ಪ ಬೆಣ್ಣೆ, ಜೀರಿಗೆ ಸೇರಿ 125 ರೂ., ಬರುವುದು 1.6 ಕೆ.ಜಿ. ಅರ್ಧ ಕೆ.ಜಿ. ಎಳ್ಳಿಗೆ 400 ಗ್ರಾಂ ಬೆಲ್ಲ ಹಾಕಿದ ಲಾಡು 124 ರೂ.ಗೆ 900 ಗ್ರಾಂ.

ಕೂಡಿಸಿದರೆ 10.2 ಕೆ.ಜಿ., 1,097 ರೂ. ಇದಕ್ಕಿನ್ನೂ ಎಣ್ಣೆ ಸೇರಿಲ್ಲ. ಲೆಕ್ಕ ತಲೆಕೆಳಗಾಗುವುದು ಅಲ್ಲೇ. ಇಷ್ಟು ತಿಂಡಿ ಹೀರಿಕೊಳ್ಳುವುದು, ಬಾಣಲೆಯ ಅಡಿಯಲ್ಲಿ ಕೆಟ್ಟು ಉಳಿಯುವುದು ಸೇರಿ 2 ಲೀಟರ್ ಹಿಡಿಯಬೇಕು. ಲೀಟರಿಗೆ 400 ರೂ. ತೆಂಗಿನೆಣ್ಣೆಯಾದರೆ 800 ರೂ. ಲೀಟರಿಗೆ 155 ರೂ. ಸೂರ್ಯಕಾಂತಿ ಎಣ್ಣೆಯಾದರೆ 310. ಬೇರೆ ಯಾವ ಸಾಮಾನಿನಲ್ಲೂ ಇಷ್ಟು ಅಂತರವಿಲ್ಲ. ತೆಂಗಿನ ಸೀಮೆಯಲ್ಲೇ ಹಬ್ಬದ ತಿಂಡಿಗೆ ತೆಂಗಿನೆಣ್ಣೆ ಬಿಡಬೇಕಾದ ಸ್ಥಿತಿ ಹಲವು ಮನೆಗಳಿಗೆ ಬಂದಿದ್ದರೆ ಅದಕ್ಕೆ ಕಾರಣ ರುಚಿ ಬದಲಾದದ್ದಲ್ಲ, ಈ 490 ರೂಪಾಯಿ. ಗ್ಯಾಸ್ ಒಂದೂವರೆ ಕೆ.ಜಿ. ಸುಡುತ್ತದೆ ಎಂದುಕೊಳ್ಳಿ. 14.2 ಕೆ.ಜಿ. ಸಿಲಿಂಡರಿಗೆ 860 ರೂ. ಹಿಡಿದರೆ ಅದು 90 ರೂ. ಏಲಕ್ಕಿ, ಉಪ್ಪು, ಚಿಲ್ಲರೆ 60. 25 ಹಾಳೆ ತಟ್ಟೆಗೆ ತಲಾ 4ರಂತೆ 100. ತೆಂಗಿನೆಣ್ಣೆಯ ಲೆಕ್ಕದಲ್ಲಿ ಒಟ್ಟು 2,147 ರೂ. ತಟ್ಟೆಯೊಂದಕ್ಕೆ 86 ರೂಪಾಯಿ. ಸೂರ್ಯಕಾಂತಿಯಾದರೆ 1,657, ತಟ್ಟೆಗೆ 66.

ಬೆಳ್ತಂಗಡಿ ತಾಲ್ಲೂಕಿನಲ್ಲಿ ಕೇರಳದಿಂದ ಬಂದು ನೆಲೆಸಿದ ಸಿರಿಯನ್ ಕ್ರೈಸ್ತರ ಮನೆಗಳೂ ಬಹಳ. 1999ರಲ್ಲಿ ಬೆಳ್ತಂಗಡಿಯೇ ಸೈರೋ ಮಲಬಾರ್ ಧರ್ಮಪ್ರಾಂತ್ಯದ ಕೇಂದ್ರವಾಯಿತು. ಈ ಮನೆಗಳಲ್ಲಿ ಡಿಸೆಂಬರ್ 1ರಿಂದ 25 ದಿನಗಳ ನೋಂಬು ಹಿಡಿಯುವ ವಾಡಿಕೆಯಿದೆ. ಮಾಂಸ, ಮೀನು ಬಿಟ್ಟ ಮನೆಯಲ್ಲಿ ಆ ದಿನಗಳ ಖರ್ಚು ತಗ್ಗಿರುತ್ತದೆ, ಉಳಿದದ್ದು ಹಬ್ಬದ ದಿನ ಕೇಕಿನಲ್ಲಿ ಹೊರಬೀಳುತ್ತದೆ. ಕೇಕಿನ ಲೆಕ್ಕವನ್ನೂ ನೋಡಿಬಿಡೋಣ. ಮೈದಾ, ಸಕ್ಕರೆ, ಬೆಣ್ಣೆ ತಲಾ ಕಾಲು ಕೆ.ಜಿ., 5 ಮೊಟ್ಟೆ, ರಮ್ಮಿನಲ್ಲೋ ಕಿತ್ತಳೆ ರಸದಲ್ಲೋ ನೆನೆಸಿದ 400 ಗ್ರಾಂ ಒಣಹಣ್ಣು. ಒಣಹಣ್ಣಿಗೆ ಸರಾಸರಿ ಕೆ.ಜಿ.ಗೆ 600 ಹಿಡಿದರೆ ಅದೇ 240 ರೂ., ಬೆಣ್ಣೆ 150. ಮಸಾಲೆ, ವಿದ್ಯುತ್ ಎಲ್ಲ ಸೇರಿ 483 ರೂ.ಗೆ ಒಂದೂಕಾಲು ಕೆ.ಜಿ. ಕೇಕು, ಅಂದರೆ ಕೆ.ಜಿ.ಗೆ 386. ಕುಸ್ವಾರ್‌ನ ಸಾಮಾನು ವೆಚ್ಚ ಕೆ.ಜಿ.ಗೆ 210. ನಮ್ಮ ಕರಾವಳಿಗೆ ತಾಗಿದ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು 1883ರಲ್ಲಿ ಕ್ರಿಸ್ಮಸ್ ಕೇಕು ಬೇಯಿಸಿಕೊಟ್ಟ ಕಥೆ ಪ್ರಸಿದ್ಧ. ಅಂದಿನಿಂದ ಕೇಕಿಗೆ ಮರ್ಯಾದೆ ಜಾಸ್ತಿ. ಆದರೆ 25 ಮನೆಗೆ ಹಂಚುವ ಉಡುಗೊರೆಯಾಗಿ ಕುಸ್ವಾರ್ ಅರ್ಧದಷ್ಟೇ ಖರ್ಚಿನಲ್ಲಿ ಆರು ಬಗೆ ಕೊಡುತ್ತದೆ, ಡಬ್ಬಿಯಲ್ಲಿ ವಾರಗಟ್ಟಲೆ ಕೆಡದೆ ನಿಲ್ಲುತ್ತದೆ.

ಮೂಡುಬಿದಿರೆಯ ತಟ್ಟೆಗೆ ಇನ್ನೊಂದು ಲೆಕ್ಕ ಬೇಕು. 18 ಬಸದಿಗಳ ಊರು ಅದು. ಜೈನ ನೆರೆಮನೆ ಇರುವವರು, ಬ್ರಾಹ್ಮಣ ನೆರೆಮನೆ ಇರುವವರು ಮೊಟ್ಟೆಯಿಲ್ಲದ ತಟ್ಟೆ ಮಾಡಲೇಬೇಕು. ಮೇಲಿನ ಆರರಲ್ಲಿ ನೆವ್ರಿ, ಚಕ್ಲಿ, ಲಾಡಿಗೆ ಮೊಟ್ಟೆ ಬಿದ್ದಿಲ್ಲ. ಆ ಮೂರರ ತೂಕ ನಾಲ್ಕೂವರೆ ಕೆ.ಜಿ. ಆರು ತಟ್ಟೆ ಅವರಿಗೆಂದು ತೆಗೆದರೆ 2.4 ಕೆ.ಜಿ. ಹೋಗುತ್ತದೆ, ಉಳಿದ 19 ತಟ್ಟೆಗೂ ಹಂಚಲು 2.1 ಕೆ.ಜಿ. ಇರುತ್ತದೆ. ಕರಿಯುವ ಕ್ರಮದಲ್ಲಿ ಮಾತ್ರ ಎಚ್ಚರ ಬೇಕು. ಹೊಸ ಎಣ್ಣೆಯಲ್ಲಿ ಮೊದಲು ಚಕ್ಲಿ, ನೆವ್ರಿ, ಆಮೇಲೆ ತುಕ್ಡಿ, ಕಿಡಿಯೊ, ಕೊನೆಗೆ ಕೊಕ್ಕಿಸಾಂ. ಇದಕ್ಕೆ ತಗಲುವ ಹೆಚ್ಚುವರಿ ಖರ್ಚು ಸೊನ್ನೆ. ಚೌತಿಗೆ, ದೀಪಾವಳಿಗೆ ಆ ಮನೆಗಳಿಂದಲೂ ತಟ್ಟೆ ಬರುತ್ತದೆ. ಪಡೆಯುವವರ ಊಟದ ನೇಮ ಗೊತ್ತಿದ್ದು ಮಾಡಿದ ತಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ, ಮನೆಯಲ್ಲೇ ಆಗಬೇಕು.

ಇಲ್ಲಿಗೆ ಅಂಗಡಿ ಚೀಟಿ ಮುಗಿಯಿತು. ಇನ್ನು ಬರೆಯದೆ ಉಳಿದ ಬಾಬತ್ತು: ಗಂಟೆ.

ಹೊಸ ಬಾಚಣಿಗೆಯ ಮೇಲೋ ಫೋರ್ಕಿನ ಬೆನ್ನ ಮೇಲೋ ಹಿಟ್ಟಿನ ಉಂಡೆ ಒತ್ತಿ ಸುತ್ತಿದರೆ ಒಂದು ಕಿಡಿ. ಪಳಗಿದ ಕೈ ನಿಮಿಷಕ್ಕೆ ಐದು ಸುತ್ತಿದರೂ 625ಕ್ಕೆ ಎರಡು ಗಂಟೆ ದಾಟುತ್ತದೆ. ಕಾಯಿ ಹಾಲು ತೆಗೆದು ಕಲಸುವುದು, ಕರಿಯುವುದು, ಪಾಕ ಹಿಡಿಸುವುದು ಸೇರಿ ನಾಲ್ಕು ಗಂಟೆ. ನೆವ್ರಿಗೆ ಹೂರಣ ಹುರಿಯಲು ಒಂದು ಗಂಟೆ, ಲಟ್ಟಿಸಿ, ತುಂಬಿಸಿ, ಅಂಚು ಕತ್ತರಿಸಲು ಒಂದಕ್ಕೆ ಎರಡು ನಿಮಿಷ, ಕರಿಯಲು ಮುಕ್ಕಾಲು ಗಂಟೆ, ಅದೂ ನಾಲ್ಕಾಯಿತು. ಕೊಕ್ಕಿಸಾಂ ಎರಡು, ತುಕ್ಡಿ ಎರಡು, ಚಕ್ಲಿ ಮೂರು, ಲಾಡು ಒಂದೂವರೆ, ಪಾತ್ರೆ ತೊಳೆದು ತಟ್ಟೆ ಜೋಡಿಸಲು ಒಂದೂವರೆ. ಒಟ್ಟು 18 ಗಂಟೆ.

ಈ 18 ಗಂಟೆಗೆ ಬೆಲೆ ಕಟ್ಟುವುದು ಹೇಗೆ? 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂ., ಗಂಡಿಗೂ ಹೆಣ್ಣಿಗೂ ಒಂದೇ. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 46 ರೂ. 25 ಪೈಸೆ. ಇದು ಕುಶಲ ಕೆಲಸದ ಕೂಲಿಯಲ್ಲ, ತೀರಾ ತಳಮಟ್ಟದ ಅಳತೆ. ಆ ಅಳತೆಯಲ್ಲೂ 18 ಗಂಟೆಗೆ 833 ರೂ. ಸೇರಿಸಿದರೆ ಒಟ್ಟು 2,980 ರೂ., ತಟ್ಟೆಗೆ 119. ತಟ್ಟೆಯ ಬೆಲೆಯಲ್ಲಿ 33 ರೂಪಾಯಿ, ಶೇ. 28ರಷ್ಟು, ಬರಿಯ ಕೈಕೆಲಸ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹೆಂಗಸರಿಗೆ ಇಂಥ ಲೆಕ್ಕ ಹೊಸತೇನಲ್ಲ. ದಶಕಗಳ ಕಾಲ ಈ ಮೂರೂ ಕಡೆ ಜಗಲಿ ಜಗಲಿಯಲ್ಲಿ ಬೀಡಿ ಕಟ್ಟಿದವರು ಅವರು. ಎಲೆ ಎಷ್ಟು, ಹೊಗೆಸೊಪ್ಪು ಎಷ್ಟು, ಸಾವಿರ ಬೀಡಿಗೆ ಕೂಲಿ ಎಷ್ಟು ಎಂಬುದು ಅವರಿಗೆ ಬಾಯಿಪಾಠ. ಅದೇ ಕೈ ಡಿಸೆಂಬರಿನಲ್ಲಿ 625 ಕಿಡಿ ಸುತ್ತಿದಾಗ ಮಾತ್ರ ಯಾರೂ ಎಣಿಸುವುದಿಲ್ಲ. ಮನೆಯ ಹಬ್ಬಕ್ಕೆ ಕೂಲಿ ಕೊಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಎಣಿಸಿದರೆ ಕೆಲಸ ಹಂಚಿಕೊಳ್ಳುವ ಯೋಚನೆ ಬರುತ್ತದೆ. 18 ಗಂಟೆ ಒಬ್ಬಳ ಮೇಲೆ ಬಿದ್ದರೆ ಎರಡು ದಿನಗಳ ಸೊಂಟನೋವು. ಮನೆಯ ಗಂಡಸರು, ಮಕ್ಕಳು ಸೇರಿ ನಾಲ್ವರು ಕುಳಿತರೆ ತಲಾ ನಾಲ್ಕೂವರೆ ಗಂಟೆ, ಎರಡು ಸಂಜೆಗಳಲ್ಲಿ ಮುಗಿದುಹೋಗುತ್ತದೆ. ಕಿಡಿ ಸುತ್ತಲು ಎಂಟು ವರ್ಷದ ಮಗುವಿಗೂ ಬರುತ್ತದೆ.

ಇಡೀ ಜಿಲ್ಲೆಗೆ ಇದನ್ನು ಹಿಗ್ಗಿಸಿ ನೋಡಬಹುದು. 2011ರ ಜನಗಣತಿಯಲ್ಲಿ ಮೂಡುಬಿದಿರೆ ಇನ್ನೂ ಮಂಗಳೂರು ತಾಲ್ಲೂಕಿನೊಳಗೇ ಇದ್ದುದರಿಂದ ಜಿಲ್ಲೆಯ ಅಂಕಿಯೇ ಅನುಕೂಲ. ದಕ್ಷಿಣ ಕನ್ನಡದ ಜನಸಂಖ್ಯೆ ಆಗ 20,89,649, ಅದರಲ್ಲಿ ಕ್ರೈಸ್ತರು ಶೇ. 8.2, ಹೆಚ್ಚುಕಡಿಮೆ 1.71 ಲಕ್ಷ. ಮನೆಗೆ ಐವರಂತೆ 34,000 ಮನೆಗಳು. ಇವುಗಳಲ್ಲಿ ಅರ್ಧ ಮನೆಯವರು ತಲಾ 5 ಕೆ.ಜಿ. ಮಾತ್ರ ಮಾಡುತ್ತಾರೆ ಎಂದು ಊಹಿಸಿಕೊಳ್ಳಿ. ಆಗ 85 ಟನ್ ಕುಸ್ವಾರ್, ಒಂದೂವರೆ ಲಕ್ಷ ಗಂಟೆಗಳ ಕೆಲಸ, 18,750 ಆಳುದಿನ. ಖಾತರಿ ಕೂಲಿಯ ದರದಲ್ಲೇ 69 ಲಕ್ಷ ರೂಪಾಯಿ. ಇದು ಊಹೆಯ ಮೇಲೆ ಕಟ್ಟಿದ ಅಂದಾಜು, ಸಮೀಕ್ಷೆಯಲ್ಲ. ಆದರೂ ಒಂದು ಹಬ್ಬದ ಅಡುಗೆಮನೆಯಲ್ಲಿ ಯಾವ ಪ್ರಮಾಣದ ದುಡಿಮೆ ಅಡಗಿದೆ ಎಂಬುದು ಇದರಿಂದ ಕಾಣುತ್ತದೆ.

ಅಲಂಕಾರಕ್ಕೆ ಬಂದರೆ ಲೆಕ್ಕದ ಮುಖವೇ ಬೇರೆ. ಕುಸ್ವಾರ್‌ನಲ್ಲಿ ಸಾಮಾನಿನ ಪಾಲು ದೊಡ್ಡದು, ನಕ್ಷತ್ರದಲ್ಲಿ ಕೈಕೆಲಸದ್ದು. ದೀಪಾವಳಿಗೆ ಗೂಡುದೀಪ ಕಟ್ಟಿದ ಬಿದಿರ ಕಡ್ಡಿ, ಬಣ್ಣದ ಕಾಗದಗಳೇ ಡಿಸೆಂಬರಿಗೆ ನಕ್ಷತ್ರವಾಗುವ ಊರು ನಮ್ಮದು. ಮೂರು ಅಡಿಯ ನಕ್ಷತ್ರಕ್ಕೆ ಮೂರು ಅಡಿ ಉದ್ದದ 10 ಕಡ್ಡಿ, ಅರ್ಧ ಅಡಿಯ 5 ತುಂಡು ಬೇಕು. ಕೂಡಿಸಿದರೆ 32.5 ಅಡಿ. ಮೂರು ಇಂಚು ದಪ್ಪದ ಬಿದಿರಿನ ಮೂರಡಿ ಗಳವೊಂದನ್ನು ಸೀಳಿದರೆ ಇಷ್ಟೂ ಸಿಗುತ್ತದೆ. ಐದು ಕಡ್ಡಿಗಳನ್ನು ಒಂದರ ಮೇಲೊಂದು ಹಾಯಿಸಿ ತುದಿ ಕಟ್ಟಿದರೆ ಒಂದು ಚೌಕಟ್ಟು. ಅಂಥವು ಎರಡು. ಕಡ್ಡಿಗಳು ಎಲ್ಲಿ ಹಾಯಬೇಕು ಎಂಬುದರಲ್ಲೇ ನಕ್ಷತ್ರ ಸೊಟ್ಟಗಾಗುವುದೂ ನೆಟ್ಟಗಾಗುವುದೂ ಇದೆ. 36 ಇಂಚಿನ ಕಡ್ಡಿಯಲ್ಲಿ ಎರಡೂ ತುದಿಗಳಿಂದ ಹದಿಮೂರು ಮುಕ್ಕಾಲು ಇಂಚಿಗೆ ಗುರುತು ಹಾಕಿ, ನಡುವೆ ಎಂಟೂವರೆ ಇಂಚು ಉಳಿಯುತ್ತದೆ. ಪ್ರತಿ ಕಡ್ಡಿಯ ಗುರುತೂ ಇನ್ನೊಂದು ಕಡ್ಡಿಯ ಗುರುತಿನ ಮೇಲೆ ಕೂತರೆ ಐದೂ ಕೊಂಬು ಸಮ. ಎರಡು ಚೌಕಟ್ಟುಗಳ ತುದಿಗಳನ್ನು ಜೋಡಿಸಿ, ಒಳಗಿನ ಐದು ಹಾಯುವಿಕೆಗಳ ನಡುವೆ ಅರ್ಧ ಅಡಿಯ ತುಂಡು ಸಿಕ್ಕಿಸಿದರೆ ಹೊಟ್ಟೆ ಉಬ್ಬುತ್ತದೆ, ಬಲ್ಬಿಗೆ ಜಾಗವಾಗುತ್ತದೆ.

ಕಾಗದ ಎಷ್ಟು ಬೇಕು? ಎದುರಿನ ಮೈ, ಹಿಂದಿನ ಮೈ ಸೇರಿ 5.6 ಚದರ ಅಡಿ, ಪಕ್ಕದ ಹತ್ತು ತ್ರಿಕೋನಗಳು 2.9, ಒಟ್ಟು ಎಂಟೂವರೆ ಚದರ ಅಡಿ. 20×30 ಇಂಚಿನ ಹಾಳೆ 4.2 ಚದರ ಅಡಿ. ಎರಡೇ ಹಾಳೆ ಸಾಕೆನಿಸುತ್ತದೆ, ಆದರೆ ಅಂಚು ಮಡಚಿ ಅಂಟಿಸಲು, ತ್ರಿಕೋನ ಕತ್ತರಿಸುವಾಗಿನ ಚೂರಿಗೆ ಎಂದು ನಾಲ್ಕು ತನ್ನಿ. ಜರ್ಮನಿಯ ನೀಸ್ಕಿ ಎಂಬಲ್ಲಿನ ಮೊರೇವಿಯನ್ ಶಾಲೆಯಲ್ಲಿ 19ನೇ ಶತಮಾನದ ಮೊದಲಾರ್ಧದಲ್ಲಿ ರೇಖಾಗಣಿತ ಕಲಿಸಲೆಂದೇ ಕಾಗದದ ನಕ್ಷತ್ರ ಮಾಡಿಸುತ್ತಿದ್ದರು. ನಮ್ಮ ಶಾಲೆಗಳಲ್ಲೂ ಡಿಸೆಂಬರಿನ ಒಂದು ಗಣಿತ ತರಗತಿಯನ್ನು ಇದಕ್ಕೆ ಕೊಡಬಹುದು.

ಬಿದಿರಿಗೆ 40 ರೂ., ಕಾಗದ ತಲಾ 5ರಂತೆ 20, ನೂಲು ಮತ್ತು ಮೈದಾ ಅಂಟು 15, ಒಟ್ಟು 75 ರೂ. ಸೀಳಿ ನಯಗೊಳಿಸಿ, ಕಟ್ಟಿ, ಅಂಟಿಸಿ, ತೂಗುಹಾಕಲು ಐದು ಗಂಟೆ, 231 ರೂ. ಹಾಗಾಗಿ ಮನೆಯ ನಕ್ಷತ್ರ ಒಂದಕ್ಕೆ 306. ಅಂಗಡಿಯ ಮಡಚುವ ಕಾಗದದ ನಕ್ಷತ್ರ 200ಕ್ಕೆ ಸಿಗುತ್ತದೆ ಎಂದುಕೊಂಡರೆ ಮೊದಲ ವರ್ಷ ನಷ್ಟವೇ. ಮುಂದಿನ ವರ್ಷ ಚೌಕಟ್ಟು ಅಟ್ಟದಲ್ಲಿರುತ್ತದೆ. ಕಾಗದ, ಅಂಟು, ಎರಡು ಗಂಟೆ ಸೇರಿ 127 ರೂ. 50 ಪೈಸೆ ಸಾಕು. ಐದು ವರ್ಷಕ್ಕೆ 816 ರೂ. ಅಂಗಡಿಯದು ವರ್ಷಕ್ಕೊಂದು ಹರಿದರೆ 1,000, ಎರಡು ವರ್ಷ ಬಾಳಿದರೆ 600. ಅಂದರೆ ದುಡ್ಡು ಉಳಿಸಲು ನಕ್ಷತ್ರ ಕಟ್ಟುತ್ತೇವೆ ಎನ್ನುವ ಮಾತು ಪೂರ್ತಿ ನಿಲ್ಲುವುದಿಲ್ಲ. ಮಕ್ಕಳೊಂದಿಗೆ ಕಟ್ಟುವ ಐದು ಗಂಟೆ ಬೇಕು ಎನ್ನುವವರು ಕಟ್ಟಬೇಕು, ಅದು ಸಾಕಷ್ಟು ಒಳ್ಳೆಯ ಕಾರಣ. ಸೀಳಿದ ಬಿದಿರನ್ನು ಒಂದು ವಾರ ನೀರಲ್ಲಿ ನೆನೆಸಿ ಒಣಗಿಸಿಕೊಂಡರೆ ಕುಟ್ಟೆ ಹಿಡಿಯುವುದು ಕಡಿಮೆ.

ಬೆಳಕಿನ ಖರ್ಚು ಸಣ್ಣದು. ಡಿಸೆಂಬರ್ 1ರಿಂದ ಮೂರು ರಾಯರ ಹಬ್ಬದ ಜನವರಿ 6ರವರೆಗೆ 37 ರಾತ್ರಿ, ದಿನಕ್ಕೆ ಆರು ಗಂಟೆ, 222 ಗಂಟೆ. 9 ವ್ಯಾಟ್ ಎಲ್‌ಇಡಿ 2 ಯೂನಿಟ್ ಸುಡುತ್ತದೆ, ಯೂನಿಟ್ಟಿಗೆ 6 ರೂ. ಹಿಡಿದರೆ 12 ರೂ. ಹಳೆಯ 60 ವ್ಯಾಟ್ ಬಲ್ಬಾದರೆ 13 ಯೂನಿಟ್ ದಾಟುತ್ತದೆ, 80 ರೂ. ಜೊತೆಗೆ ಕಾಗದಕ್ಕೆ ಬಿಸಿ ತಾಗುವ ಅಪಾಯ ಬೇರೆ.

ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಗೆ ಖರ್ಚು ಕಡಿಮೆ, ಮುಂದಾಲೋಚನೆ ಹೆಚ್ಚು. ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಮಾಡಿದ ಗೋದಲಿಯಲ್ಲಿ ಇದ್ದದ್ದು ಹುಲ್ಲು, ಎತ್ತು, ಕತ್ತೆ. ನಮ್ಮಲ್ಲೂ ಬೈಹುಲ್ಲು, ಅಡಿಕೆ ಹಾಳೆ, ಮಣ್ಣು ಸಾಕು. ಹಸಿರು ಗದ್ದೆಗಾಗಿ ಡಿಸೆಂಬರ್ 14ರ ಹೊತ್ತಿಗೆ ಚದರ ಅಡಿಗೆ 30 ಗ್ರಾಂನಂತೆ ರಾಗಿ ಬಿತ್ತಿದರೆ ಹಬ್ಬಕ್ಕೆ ಪೈರು ಎದ್ದಿರುತ್ತದೆ. ಎರಡು ಚದರ ಅಡಿಗೆ ಮೂರು ನಾಲ್ಕು ರೂಪಾಯಿ ರಾಗಿ. ಥರ್ಮಕೋಲ್ ಗುಡ್ಡ ಮಾಡಬೇಡಿ. ಅಲಂಕಾರದ ಥರ್ಮಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಕ್ರಿಸ್ಮಸ್ ಮರಕ್ಕೆ ಗಾಳಿಮರದ ಕೊಂಬೆಯೇ ನಮ್ಮ ಕರಾವಳಿಯ ರೂಢಿ. ಶುಭಾಶಯ ಪತ್ರಕ್ಕೆ 22×28 ಇಂಚಿನ ಚಾರ್ಟ್ ಹಾಳೆಯೊಂದನ್ನು 10×7ರಂತೆ ಕತ್ತರಿಸಿದರೆ ಎಂಟು ಕಾರ್ಡ್, ಉಳಿಯುವ ಎರಡಿಂಚು ಪಟ್ಟಿಯಲ್ಲಿ ಮೂರೂವರೆ ಇಂಚಿನ ಎಂಟು ಹೆಸರು ಚೀಟಿ. ಚೂರೂ ವ್ಯರ್ಥವಿಲ್ಲ. ಹಾಳೆಗೆ 15 ರೂ. ಆದರೂ ಕಾರ್ಡಿಗೆ ಎರಡು ರೂಪಾಯಿ ಮುಟ್ಟುವುದಿಲ್ಲ.

ಈಗ ಮಾರುವವರ ವಿಷಯ. ಮಕ್ಕಳು ಗಲ್ಫಿಗೋ ಬೆಂಗಳೂರಿಗೋ ಹೋಗಿ ಮನೆಯಲ್ಲಿ ಇಬ್ಬರೇ ಉಳಿದಾಗ ಕುಸ್ವಾರ್ ಕೊಳ್ಳುವುದು ತಪ್ಪೇನಲ್ಲ. ಅಕ್ಕಪಕ್ಕದ ಹೆಂಗಸರು, ಸ್ವಸಹಾಯ ಸಂಘದವರು ಮಾಡಿಕೊಡುತ್ತಾರೆ. ಅವರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಬೇಕು, ಸಣ್ಣ ತಯಾರಕರಿಗೆ ಅದರ ಶುಲ್ಕ ವರ್ಷಕ್ಕೆ 100 ರೂ. ಮೇಲಿನ ಲೆಕ್ಕದಲ್ಲಿ ತೆಂಗಿನೆಣ್ಣೆಯ ಕುಸ್ವಾರ್‌ಗೆ ಸಾಮಾನು, ತಟ್ಟೆ, ಕೂಲಿ ಸೇರಿ ಕೆ.ಜಿ.ಗೆ 292 ರೂ. ಬಿತ್ತು. ಪುಡಿಯಾದದ್ದು, ಓಡಾಟ, ಒಂದಿಷ್ಟು ಲಾಭ ಎಂದು ಶೇ. 15 ಸೇರಿಸಿದರೆ 336. ಸೂರ್ಯಕಾಂತಿ ಎಣ್ಣೆಯದಾದರೆ 281. ಇದಕ್ಕಿಂತ ಕಡಿಮೆಗೆ ಕೊಡುತ್ತೇನೆಂದು ಯಾರಾದರೂ ಹೇಳಿದರೆ ಒಂದೋ ಗೇರುಬೀಜ, ತುಪ್ಪ ಕಡಿಮೆಯಾಗಿದೆ, ಇಲ್ಲವೇ ಆ 18 ಗಂಟೆಗೆ ಕೂಲಿ ಸಿಕ್ಕಿಲ್ಲ. ಮಾರುವ ಅಕ್ಕಂದಿರು ಈ ಡಿಸೆಂಬರಿನಲ್ಲಿ ದರ ಬರೆಯುವ ಮೊದಲು ತಮ್ಮ ಗಂಟೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ. ಕೊಳ್ಳುವವರು ಕೆ.ಜಿ.ಗೆ ಇಪ್ಪತ್ತು, ಮೂವತ್ತು ರೂಪಾಯಿ ಚೌಕಾಸಿ ಮಾಡಬೇಡಿ. ಅದು ಎಣ್ಣೆ, ಸಕ್ಕರೆಯ ದರದಿಂದ ಕಳೆಯುವುದಿಲ್ಲ, ಮಾಡಿದವಳ ಕೂಲಿಯಿಂದಲೇ ಕಳೆಯುತ್ತದೆ.